ವಾರಿಜಾಕ್ಷಿಯಮ್ಮ ಬರೆದ ನಾಲ್ಕು ಪ್ಯಾರಾ

ಶಿರ್ವದ ಲಿಯೊನೆಲ್ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಸಹಿ, ತಾರೀಖು, ಮೊಹರು ಇಲ್ಲದ ಕಾಗದ ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ಅವನ ಮೇಜು ದಾಟಿರಲಿಲ್ಲ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲೂ, ಬೇರೊಂದು ಹೆಸರಿನಲ್ಲಿ, ಅವನದು ಅದೇ ಕೆಲಸ. ಶನಿವಾರ ಬೆಳಿಗ್ಗೆ ಅಲ್ ಬರ್ಷಾದ ಮನೆಯಲ್ಲಿ ಚಹಾ ಹಿಡಿದು ಕೂತನೆಂದರೆ ಆಧಾರವಿಲ್ಲದ ಸಾಲುಗಳನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದ. ಎಷ್ಟೋ ಸುಳ್ಳುಗಳು ಹುಟ್ಟಿದ ದಿನವೇ ಅವನ ಕೈಯಲ್ಲಿ ಸತ್ತಿದ್ದವು.

ಕೊಲ್ಲಿ ನಾಡಿನ ತುಳು ನಾಟಕಗಳ ಪುಟಕ್ಕೆ ಒಂದು ದಿನ ವಾರಿಜಾಕ್ಷಿ ಎಂಬ ಹೊಸ ಹೆಸರಿನಿಂದ ನಾಲ್ಕು ಪ್ಯಾರಾ ಬಂದು ಸೇರಿದವು. ಅಬುಧಾಬಿಯಲ್ಲಿ ಟೈಲರ್ ಆಗಿದ್ದ ಪುರಂದರ ಎಂಬವರು ಮೂವತ್ತೈದು ವರ್ಷಗಳ ಹಿಂದೆ ಕೆಲಸಗಾರರನ್ನು ಕೂಡಿಸಿ ನಾಟಕ ಆಡಿಸಿದ್ದು, ಹೋಟೆಲಿನವರು ಬಿಸಾಡಿದ ಪರದೆಯಲ್ಲಿ ರಾಜನ ಅಂಗಿ ಹೊಲಿದದ್ದು, ಹೆಣ್ಣು ಪಾತ್ರಕ್ಕೆ ಮೀಸೆ ತೆಗೆಯಲೊಪ್ಪದ ಕ್ರೇನ್ ಆಪರೇಟರನನ್ನು ಮೂರು ದಿನ ಗೋಗರೆದದ್ದು, ಎಲ್ಲ ಇತ್ತು. ಪುಸ್ತಕದ ಹೆಸರು, ಪತ್ರಿಕೆಯ ತಾರೀಖು ಮಾತ್ರ ಇರಲಿಲ್ಲ. ಲಿಯೊನೆಲ್ 'ಆಧಾರವಿಲ್ಲ' ಎಂದು ಬರೆದು ನಾಲ್ಕನ್ನೂ ತೆಗೆದುಹಾಕಿದ.

ಆ ಲೇಖನದ ಚರ್ಚೆಯ ಪುಟದಲ್ಲಿ ಉತ್ತರ ಬಂತು. "ಅವರು ನನ್ನ ಯಜಮಾನರು. ಆಧಾರ ಅಂದ್ರೆ ಎಂತ ಮಗಾ? ಆ ಅಂಗಿಗೆ ಬಟನ್ ಹಾಕಿದ್ದು ನಾನೇ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮಗನ ಮನೆಯಲ್ಲಿದ್ದೇನೆ, ನಂಬರ್ ಬರೆದಿದ್ದೇನೆ. ಬಂದ್ರೆ ಮಾತಾಡ್ಬಹುದು. ಈಗೀಗ ನನಗೆ ಮರೆತು ಹೋಗ್ತದೆ, ಅದಕ್ಕೆ ಬೇಗ ಬರೆದದ್ದು."

"ನಿಮ್ಮ ನೆನಪು ಆಧಾರವಲ್ಲ. ಮನೆಯವರ ಬಗ್ಗೆ ಬರೆಯುವುದು ಇಲ್ಲಿಯ ಪದ್ಧತಿಯಲ್ಲ. ಮತ್ತೆ ಸೇರಿಸಬೇಡಿ" ಎಂದು ಬರೆದ ಲಿಯೊನೆಲ್. ಒಂದು ನಮಸ್ಕಾರವನ್ನೂ ಹಾಕಲಿಲ್ಲ.

ಹೆಗಲ ಹಿಂದಿನಿಂದ ಓದಿದ ಹೆಂಡತಿ ಕ್ಯಾರೊಲಿನ್, "ಪಾಪ, ಪ್ರಾಯದವರು ಕಾಣ್ತದೆ. ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ?" ಎಂದಳು.

"ರೂಲ್ ಎಲ್ಲರಿಗೂ ಒಂದೇ" ಎಂದ. ಹೊಸಬರೊಂದಿಗೆ ಸೌಜನ್ಯದಿಂದ ಇರಬೇಕು ಎಂಬುದೂ ಆ ರೂಲುಗಳಲ್ಲೇ ಇತ್ತು. ವಾರಿಜಾಕ್ಷಿಯಮ್ಮ ಇನ್ನೆರಡು ಸಲ ಆ ಪ್ಯಾರಾಗಳನ್ನು ಸೇರಿಸಿದರು. ಅವನು ವಿಶ್ವಕೋಶದ ನಿರ್ವಾಹಕರಿಗೆ ದೂರು ಕೊಟ್ಟ. ಅವರ ಖಾತೆಗೆ ಒಂದು ವಾರ ತಡೆ ಬಿತ್ತು. ತಡೆ ತೆರವಾದ ಮೇಲೂ ಆ ಹೆಸರು ಮತ್ತೆ ಕಾಣಿಸಲಿಲ್ಲ.

ಒಂದೂವರೆ ವರ್ಷ ಕಳೆಯಿತು. ವೀಸಾ ಮುಗಿಸಿ ಊರಿಗೆ ಹೊರಟ ಸಹೋದ್ಯೋಗಿಯೊಬ್ಬ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಲಿಯೊನೆಲ್‌ಗೆ ಕೊಟ್ಟು ಹೋದ. ಅದರಲ್ಲಿ ತುಳು ಸಂಘವೊಂದರ ಹಳೆಯ ಸ್ಮರಣ ಸಂಚಿಕೆಯಿತ್ತು. ನಲವತ್ತೊಂದನೆಯ ಪುಟದಲ್ಲಿ ಜರಿಯಂಗಿಯ ರಾಜನೊಬ್ಬನ ಫೋಟೋ, ಕೆಳಗೆ ಒಂದು ಸಾಲು: 'ನಾಟಕ, ವೇಷಭೂಷಣ: ಪುರಂದರ, ಅಬುಧಾಬಿ.'

ಲಿಯೊನೆಲ್ ಆ ಹಳೆಯ ಚರ್ಚೆಯ ಪುಟವನ್ನು ಹುಡುಕಿ ತೆರೆದ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಎತ್ತಿದ್ದು ವಾರಿಜಾಕ್ಷಿಯಮ್ಮನ ಸೊಸೆ ಅಶ್ಮಿತಾ. ಅವನು ತಾನು ಯಾರೆಂದು ಹೇಳಿದ.

"ಓ, ನೀವಾ? ಆ ವಾರ ಅತ್ತೆ ಊಟ ಸಹ ಸರಿ ಮಾಡ್ಲಿಲ್ಲ. 'ನಾನು ಸುಳ್ಳು ಹೇಳಿದೆ ಅಂತ ಹೊರಗೆ ಹಾಕಿದ್ರು' ಅಂತ ಹೇಳ್ತಾ ಇದ್ರು. ಈಗ ಬನ್ನಿ. ಆದ್ರೆ..."

ವಿಶ್ವಕೋಶದಲ್ಲಿ ಅಳಿಸಿದ್ದೂ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ. ಆ ನಾಲ್ಕು ಪ್ಯಾರಾಗಳನ್ನು ಮುದ್ರಿಸಿಕೊಂಡು, ಸಂಚಿಕೆಯನ್ನೂ ಹಿಡಿದು ಅವನು ಅಬುಧಾಬಿಗೆ ಹೋದ. ಬಿಳಿ ತಲೆಯ ವಾರಿಜಾಕ್ಷಿಯಮ್ಮ ಸೋಫಾದ ಮೂಲೆಯಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಅವನು ಗಟ್ಟಿಯಾಗಿ ಓದಿದ. ಮೀಸೆಯ ಸಂಗತಿ ಬಂದಾಗ ಅವರು ಬಾಯಿ ತುಂಬ ನಕ್ಕರು. ಫೋಟೋದ ಮೇಲೆ ಬೆರಳಾಡಿಸಿ, "ಅಂಗಿ ಚಂದ ಉಂಟು" ಎಂದರು. ಆಮೇಲೆ ಕೇಳಿದರು:

"ಒಳ್ಳೆ ಜನ ಈ ಪುರಂದರ. ಅವರ ಹೆಂಡತಿಗೆ ಇದನ್ನು ಓದಿ ಹೇಳಿದ್ರಾ?"

ಲಿಯೊನೆಲ್ ಅಶ್ಮಿತಾಳ ಮುಖ ನೋಡಿದ. ಅವಳು ಕಿಟಕಿಯತ್ತ ತಿರುಗಿಕೊಂಡಿದ್ದಳು.

"ಹೇಳಿದೆ ಅಮ್ಮ."

"ಎಂತ ಹೇಳಿದ್ರು ಅವರು?"

ಅವನು ಆ ಮುದ್ರಿಸಿದ ಹಾಳೆಗಳನ್ನು ಅವರ ಮಡಿಲಲ್ಲಿಟ್ಟ.

ಮರುದಿನ ಅವನು ಆ ಪುಟಕ್ಕೆ ಪುರಂದರರ ಬಗ್ಗೆ ಒಂದು ಸಾಲು ಸೇರಿಸಿ, ಸಂಚಿಕೆಯ ಹೆಸರನ್ನೂ ಪುಟದ ಸಂಖ್ಯೆಯನ್ನೂ ಕೊಟ್ಟ. ಉಳಿದದ್ದನ್ನು ಸಂಚಿಕೆ ಹೇಳುತ್ತಿರಲಿಲ್ಲ, ಹೇಳಬಲ್ಲವರು ಮರೆತಿದ್ದರು. ಚರ್ಚೆಯ ಪುಟಕ್ಕೆ ಹೋಗಿ ಅವರ ಹಳೆಯ ಪ್ರಶ್ನೆಯ ಕೆಳಗೆ ಬರೆದ: "ಅಮ್ಮ, ತಪ್ಪಾಯಿತು. ಆಧಾರ ಅಂದರೆ ಏನೆಂದು ನೀವು ಕೇಳಿದ್ದಿರಿ. ನಾನು ಬಂದು ಕೂತು ಹೇಳಿಕೊಡಬೇಕಿತ್ತು, ಜೊತೆಗೆ ಹುಡುಕಬೇಕಿತ್ತು." ಕೆಳಗೆ ತನ್ನ ನಿಜವಾದ ಹೆಸರು ಹಾಕಿದ.