ಮೇಡಂ ವಹಿಸಿಕೊಟ್ಟ ಮನೆಗಳು

ಮೇಡಂ ಎಡಗೈ ಮಣಿಕಟ್ಟಿನಲ್ಲಿ ಬೆಳ್ಳಗಿನ ಪಟ್ಟಿಯೊಂದಿತ್ತು. ಸ್ಕೂಟರ್ ಓಡಿಸಿ ಕೈಯೆಲ್ಲ ಬಿಸಿಲಿಗೆ ಕಂದಿದ್ದರೂ ಗಡಿಯಾರ ಕೂರುವಷ್ಟು ಜಾಗ ಮಾತ್ರ ಎಳೆ ಮಗುವಿನ ಮೈಯಂತಿತ್ತು. ಗ್ರಾಹಕರ ಮನೆಯ ಗೇಟು ತೆಗೆಯುವ ಮೊದಲು ಅವರು ಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿಬಿಡುತ್ತಿದ್ದರು. "ನಾವು ಟೈಮ್ ನೋಡಿದ್ರೆ ಅವರ ಮಾತು ನಿಂತೋಗುತ್ತೆ ಕಣಮ್ಮ. ಮಾತು ನಿಂತ್ರೆ ನಮ್ಮ ಕೆಲ್ಸಾನೂ ನಿಂತಂಗೆ" ಎನ್ನುತ್ತಿದ್ದರು. ಒಳಗೆ ಕೂತಾಗ ಆ ಬಿಳಿ ಪಟ್ಟಿಯನ್ನು ಬಲಗೈ ಬೆರಳಿನಿಂದ ಸವರಿಕೊಳ್ಳುತ್ತಿದ್ದರು.

ಅವರು ಸಿಗುವ ಮೊದಲು ನಾನು ಮಂಡಿ ಮೊಹಲ್ಲಾದ ಬ್ಯಾಂಕೊಂದರ ಕ್ಯಾಷ್ ಕೌಂಟರಿನಲ್ಲಿದ್ದೆ. ಬೆಳಗ್ಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಸಂಜೆ ಲೆಕ್ಕ ತಾಳೆಯಾಗುವವರೆಗೆ ಗೂಡಿನ ಕೋಳಿಯೇ. ಸಗಟು ಅಂಗಡಿಗಳಿಂದ ಬರುವ ನೋಟುಗಳಿಗೆ ಅಂಟಿದ ಒಣಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸಾಕಾಗುತ್ತಿತ್ತು. ಇದರ ಮೇಲೆ ಇನ್ಶೂರೆನ್ಸ್ ಮಾರಲಿಲ್ಲವೆಂದು ಮ್ಯಾನೇಜರರ ಸಹಸ್ರನಾಮ ಬೇರೆ. ಮೇಡಂ ಕೆಲಸ ಮಾಡುತ್ತಿದ್ದುದು ವೆಲ್ತ್ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದರಲ್ಲಿ. ಉಳ್ಳವರ ದುಡ್ಡನ್ನು ಎಲ್ಲಿ ಹೂಡಬೇಕೆಂದು ಹೇಳಿ, ಅದನ್ನು ಕಣ್ಣಿಟ್ಟು ಕಾಯುವ ಕೆಲಸ. ಯಾರ ಜೊತೆಗೋ ನಮ್ಮ ಶಾಖೆಗೆ ಬಂದವರು, ಕಿವಿ ಕೇಳದ ಅಜ್ಜಿಯೊಬ್ಬರಿಗೆ ನಾನು ಗಾಜಿನ ಹಿಂದಿನಿಂದ ಕೈಸನ್ನೆ ಮಾಡಿ ಬಡ್ಡಿ ವಿವರಿಸುವುದನ್ನು ನೋಡುತ್ತ ನಿಂತಿದ್ದರು. ಮರುವಾರ ತಮ್ಮ ಸಂಸ್ಥೆಯಲ್ಲಿ ಜಾಗ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದರು. ನಾನು ಮನೆಯಲ್ಲೂ ಕೇಳದೆ ಹೂಂ ಎಂದೆ. ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಮಾಡುವ ನಮ್ಮಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಪರ್ಮನೆಂಟ್ ಕೆಲ್ಸ ಬುಟ್ಟು ಬಂದ್ಬುಟ್ಟಾ?" ಎಂದು ಕೇಳಿ ಮತ್ತೆ ಸ್ಪ್ಯಾನರ್ ಎತ್ತಿಕೊಂಡರು.

ಮೊದಲ ಭೇಟಿ ದಂತವೈದ್ಯರೊಬ್ಬರ ಮನೆಗೆ. ಅವರು ಸಹಿ ಹಾಕಿ ಪೆನ್ನು ಮುಚ್ಚಿದ ಕೂಡಲೇ ನಾನು ಕೌಂಟರಿನ ಅಭ್ಯಾಸದಲ್ಲಿ "ಆಯ್ತು ಸರ್, ನೆಕ್ಸ್ಟ್" ಎಂದು ಅವರ ಭುಜದ ಹಿಂದಕ್ಕೆ ಇಣುಕಿದೆ. ಪಾಪ, ಅವರೂ ತಿರುಗಿ ನೋಡಿದರು. ಹಿಂದೆ ಇದ್ದದ್ದು ಮೀನಿನ ತೊಟ್ಟಿ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಗೇಟಿನಾಚೆ ಬಂದಮೇಲೆ ಕಣ್ಣೊರೆಸಿಕೊಂಡು, "ಇನ್ಮೇಲೆ ನಿಂಗೆ ನೆಕ್ಸ್ಟ್ ಅಂತ ಯಾರೂ ಇಲ್ಲ ಕಣಮ್ಮ. ಒಬ್ರು ಹಿಡ್ಕೊಂಡ್ರೆ ಹಿಡ್ಕೊಂಡಂಗೇ" ಎಂದರು. ನಾನು ತಮಾಷೆಯೆಂದು ನಕ್ಕೆ.

ತಮಾಷೆಯಾಗಿರಲಿಲ್ಲ. ಕೌಂಟರಿಗೆ ಸಂಜೆ ಹೊತ್ತಿಗಾದರೂ ಬಾಗಿಲು ಹಾಕುತ್ತಿದ್ದರು. ಈ ಕೆಲಸಕ್ಕೆ ಬಾಗಿಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ಟೋಕನ್ ತೆಗೆಸು, ಮಂಡಕಳ್ಳಿ ಏರ್‌ಪೋರ್ಟಿಗೆ ಹೋಗಿ ಬೀಗರನ್ನು ಕರೆದು ತಾ, ಮಗಳಿಗೆ ಗಂಡು ನೋಡು ಎಂದು ಗ್ರಾಹಕರು ಕರೆಯುತ್ತಲೇ ಇರುತ್ತಿದ್ದರು. ದುಡ್ಡಿನ ಮಾತು ಕಡೆಗೆಲ್ಲೋ ಬರುತ್ತಿತ್ತು. ಎಲ್ಲಕ್ಕೂ ಮೇಡಂ "ಬಂದೆ ಸಾರ್" ಎನ್ನುವವರೇ. ಅವರಲ್ಲೆಲ್ಲ ಜಬರದಸ್ತು ಒಬ್ಬ ಅಕ್ಕಿ ಗಿರಣಿ ಯಜಮಾನರದು. ಭಾನುವಾರ ಬೆಳಗ್ಗೆ ಅವರ ಫೋನು ಬಂದೇ ಬರುತ್ತಿತ್ತು. ಮೇಡಂ ಒಂದು ಮಧ್ಯಾಹ್ನ ಮೊಸರನ್ನ ಕಲೆಸುತ್ತ, ತಮ್ಮ ಗಂಡನ ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಿದ ಹೊತ್ತಿಗೆ ಗಿರಣಿ ಯಜಮಾನರು ಕರೆದದ್ದನ್ನು ಹೇಳಿದರು.

"ಹೋದ್ರಾ ಮೇಡಂ?"

"ಹೋದೆ. ಕರೆದ್ರೆ ಹೋಗೋದೇ ಅಭ್ಯಾಸ ಆಗೋಗಿತ್ತು."

ನನ್ನ ಮುಂದಿನ ಬದುಕು ಡಬ್ಬಿಯಿಂದ ಮೊಸರನ್ನ ತಿನ್ನುತ್ತ ಎದುರಿಗೇ ಕೂತಿದೆ ಅನ್ನಿಸಿ ಹೆದರಿಕೆಯಾಯಿತು. ಹಿಂದೆ ಹೋಗುವಂತೆಯೂ ಇರಲಿಲ್ಲ. ಬಿಟ್ಟುಬಂದ ಬ್ಯಾಂಕು ಮತ್ತೆ ಸೇರಿಸಿಕೊಳ್ಳುವುದಿಲ್ಲ, ಇಲ್ಲಿ ಕೆಲಸ ಇನ್ನೂ ಕಾಯಂ ಆಗಿಲ್ಲ.

ಅಷ್ಟರಲ್ಲಿ ಮೇಡಂಗೆ ಲಿವರಿನ ಕಾಯಿಲೆ ಬಲಿತಿದೆಯೆಂದು ತಿಳಿಯಿತು. ಕೆಲಸ ಬಿಡುವುದೆಂದು ನಿರ್ಧರಿಸಿ, ಒಂದೊಂದೇ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ವಹಿಸಿಕೊಡತೊಡಗಿದರು. ಅದೊಂದು ಪದ್ಧತಿ. ಕಾಫಿ ಬರುತ್ತದೆ, ಮೇಡಂ "ಇವಳು ನಮ್ಮುಡುಗೀನೇ" ಎನ್ನುತ್ತಾರೆ, ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಾರೆ. ಸಂಸ್ಥೆಯ ಮೇಲಿನವರು ನನಗೆ ಖಡಾಖಂಡಿತವಾಗಿ ಹೇಳಿದ್ದರು: ಗಿರಣಿ ಯಜಮಾನರು ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ.

ಯಜಮಾನರು ಸೋಫಾದಲ್ಲಿ ಕಾಲು ಮಡಿಸಿ ಕೂತಿದ್ದರು. "ಯಾವ ಕಡೆಯೋಳಮ್ಮ ನೀನು?" ಎಂದರು. "ಉದಯಗಿರಿ ಸಾರ್" ಎಂದೆ. ಅವರು ಕೇಳಿದ್ದು ಬಡಾವಣೆಯನ್ನಲ್ಲ ಎಂದು ಮೂವರಿಗೂ ಗೊತ್ತಿತ್ತು. ಯಜಮಾನರು, "ಇರ್ಲಿ. ಕರೆದಾಗ ಬಂದ್ರೆ ಸಾಕು" ಎಂದು ಪೆನ್ನಿಗೆ ಕೈಚಾಚಿದರು. ನನ್ನ ಜೀವ ಹೋಗಿ ಬಂದಂತಾಯಿತು.

ಮೇಡಂ ಪೆನ್ನು ಕೊಡಲಿಲ್ಲ. "ಬೆಳಗ್ಗೆ ಹತ್ತರಿಂದ ಸಂಜೆ ಆರು, ಸಾರ್. ಭಾನುವಾರ ಇವಳು ಬರಲ್ಲ" ಎಂದರು.

"ನೀವು ಹಂಗಿರ್ಲಿಲ್ವಲ್ಲ ಮೇಡಂ?"

"ಇರ್ಲಿಲ್ಲ ಸಾರ್. ಅದ್ಕೇ ಹೇಳ್ತಿದೀನಿ."

ಯಜಮಾನರು ಟಿ.ವಿ. ದನಿ ಏರಿಸಿದರು. ಕಾಗದ ಸಹಿಯಿಲ್ಲದೆ ಅವರ ಟೀಪಾಯಿ ಮೇಲೆಯೇ ಉಳಿಯಿತು. ಆಟೋದಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮಗೇನು ಮೇಡಂ, ಬಿಟ್ಟು ಹೋಗ್ತಿದೀರ. ನಾನು ಮನೇಲಿ ಏನ್ ಹೇಳ್ಲಿ?" ಎಂದುಬಿಟ್ಟೆ. ಅವರ ಕಣ್ಣುಗಳು ಆಗಲೇ ಹಳದಿಗಟ್ಟಿದ್ದವು. "ಮೊದಲ್ನೇ ದಿನ ಹೇಳ್ದೆ ಇದ್ರೆ ಆಮೇಲೆ ಬಾಯಿ ಬರಲ್ಲ ಕಣಮ್ಮ. ನಂಗೆ ಬಂತಾ?" ಎಂದರು. ಆಮೇಲೆ ಎಷ್ಟೋ ದಿನ ನಾನು ಅವರಿಗೆ ಫೋನ್ ಮಾಡಲಿಲ್ಲ.

ಕೆಲಸ ಕಾಯಂ ಮಾಡಲು ಸಂಸ್ಥೆ ಕೊಟ್ಟಿದ್ದ ಗಡುವು ಮುಗಿಯುವ ಹೊತ್ತಿಗೆ ಯಜಮಾನರ ಡ್ರೈವರ್ ಒಂದು ಕವರ್ ತಂದುಕೊಟ್ಟು ಹೋದ. ಒಳಗೆ ಸಹಿ ಹಾಕಿದ ಒಪ್ಪಿಗೆಯ ಕಾಗದವಿತ್ತು. ಅಷ್ಟರಲ್ಲಿ ಆಸ್ಪತ್ರೆ ಸೇರಿದ್ದ ಮೇಡಂ ಬಳಿಗೆ ಓಡಿಹೋಗಿ ಹೇಳಿದೆ. ಅವರಿಗೆ ಮಾತಾಡಲು ತ್ರಾಣವಿರಲಿಲ್ಲ. ಒಮ್ಮೆ ನನ್ನ ಕೈ ಅದುಮಿ, ಊಟ ಆಯಿತಾ ಎಂದು ಸನ್ನೆಯಲ್ಲೇ ಕೇಳಿದರು.

ಅವರು ತೀರಿಕೊಂಡದ್ದು ಒಂದು ಭಾನುವಾರ. ಬೆಟ್ಟದ ತಪ್ಪಲಿನ ಚಿತಾಗಾರದಲ್ಲಿ ನಿಂತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಗಿರಣಿ ಯಜಮಾನರದು. ಎತ್ತಬಾರದೆಂದುಕೊಂಡರೂ ಕೈ ತಾನಾಗಿಯೇ ಎತ್ತಿತು. ಆ ಅಭ್ಯಾಸದಿಂದ ನಾನು ಬಿಡಿಸಿಕೊಂಡಿರುವುದು ಇನ್ನೂ ಅಷ್ಟೇ.

"ಮೇಡಂ ಹೋಗ್ಬುಟ್ರಂತೆ, ನಿಜಾನಾ?"

"ಹೌದು ಸಾರ್."

ಅತ್ತ ಕಡೆ ಅವರು ಟಿ.ವಿ. ದನಿ ತಗ್ಗಿಸಿದರು. ಆಮೇಲೆ, "ಭಾನ್ವಾರ ಫೋನ್ ಮಾಡ್ಬುಟ್ಟೆ. ತಪ್ಪು ತಿಳ್ಕೋಬೇಡಿ" ಎಂದರು.

ಅಷ್ಟು ವರ್ಷಗಳಲ್ಲಿ ಅವರು ಮೇಡಂಗೆ ಆ ಮಾತನ್ನು ಒಂದು ಸಲವೂ ಹೇಳಿರಲಿಲ್ಲ. ಮೇಡಂಗೆ ಸಲ್ಲಬೇಕಾಗಿದ್ದು ನನಗೆ ಸಿಕ್ಕಿತಲ್ಲ ಎಂದು, ಫೋನು ಕಿವಿಯಲ್ಲಿದ್ದ ಹಾಗೆಯೇ, ನಾನು ಬಿಕ್ಕಿ ಬಿಕ್ಕಿ ಅತ್ತೆ.