ಕಂಬಕ್ಕೆ ಬಂದ ಮುಯ್ಯಾಳು

ಕಟಿಂಗ್ ಪ್ಲೇಯರ್ ನನ್ನ ಮೇಜಿನ ಮೇಲೆ ಠಣ್ಣೆಂದು ಬಿತ್ತು. "ಸಾಕು ಮೇಡಂ. ನಾಳೆಯಿಂದ ನಾನು ಬರಲ್ಲ" ಅಂದರು ನಮ್ಮ ಹಿರಿಯ ಲೈನ್‌ಮನ್.

ಸೋಮವಾರಪೇಟೆ ಕಡೆಯ ವಿದ್ಯುತ್ ಕಚೇರಿಗೆ ನಾನು ಎಂಜಿನಿಯರಾಗಿ ಬಂದ ಮೊದಲ ಮಳೆಗಾಲ. ಗಾಳಿಗೆ ಮರ ಬಿದ್ದು ಕಂಬಗಳು ಮುರಿದಿದ್ದವು. ಗದ್ದೆ ಬಯಲಿನಾಚೆಯ ಒಂದು ಊರಿಗೆ ವಾರದಿಂದ ಕರೆಂಟಿಲ್ಲ. ನೆಂದು ದುಡಿಯುವ ನಮ್ಮವರಿಗೆ ಫೋನಿನಲ್ಲಿ ಬರೀ ಬೈಗುಳ. ಅವತ್ತು ಆ ಊರಿನ ಒಬ್ಬಾಕೆ "ಸಂಬಳ ತಿಂದು ಮಲಗಿದೀರಾ?" ಅಂದಿದ್ದಳು. ಫೋನೆತ್ತಿದ್ದ ಇವರಿಗೆ ಅದನ್ನು ತಡೆಯಲಾಗಲಿಲ್ಲ.

ಇವರು ಹೋದರೆ ಉಳಿದವರೂ ಕೈಚೆಲ್ಲುವುದು ಖಂಡಿತ. ಮೇಲಧಿಕಾರಿಗೆ ಹೇಳಿದರೆ "ನೋಟಿಸ್ ಕೊಡಿ" ಅಂದರು. ನೋಟಿಸಂತೆ, ನೋಟಿಸು! ಮಳೆಯಲ್ಲಿ ತೊಪ್ಪೆಯಾದವರ ತಲೆ ಮೇಲೆ ಇನ್ನೊಂದು ಕೊಡ ನೀರು ಸುರಿಯಬೇಕೆ? ನನಗೆ ರೇಗಿಹೋಯಿತು.

"ನಾಳೆ ಒಂದಿನ ನನ್ನ ಜೊತೆ ಬನ್ನಿ. ಆಮೇಲೆ ನಿಮ್ಮಿಷ್ಟ" ಎಂದು ಪ್ಲೇಯರನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕಚೇರಿಯ ಫೋನನ್ನೂ ನನ್ನ ಹತ್ತಿರವೇ ಇಟ್ಟುಕೊಂಡೆ.

ಫೋನು ಬಡಿದುಕೊಂಡಿತು. ಅದೇ ಹೆಂಗಸು. "ಏನ್ರೀ, ನಿಮ್ಮೋರೆಲ್ಲ ಸತ್ತೋದ್ರಾ?"

"ಸತ್ತಿಲ್ಲಕ್ಕ, ನಿಮ್ಮ ಮಾತಿಗೆ ಸಾಯೋ ಹಂಗಾಗಿದಾರೆ! ಆ ಗದ್ದೇಲಿ ಜೀಪು ಬರಲ್ಲ, ಕಂಬ ಹೊರೋಕೆ ನಾಲ್ಕೇ ಜನ ನಾವು. ನಾಟಿಗೆ ಮುಯ್ಯಾಳು ಹೋಗ್ತೀರಲ್ಲ, ನಾಳೆ ನಮ್ಮ ಕಂಬಕ್ಕೂ ಬನ್ನಿ. ನಿಮ್ಮ ನಾಟಿಗೆ ನಾವು ಬರ್ತೀವಿ."

ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು: ಮುಯ್ಯಾಳು ಅಂದರೆ ಅಷ್ಟೇ. ಕರೆದರೆ ಇಲ್ಲ ಅನ್ನುವವರನ್ನು ಈ ಸೀಮೆಯಲ್ಲಿ ನಾನು ಕಾಣೆ. ಆಕೆ ಕೇಳಿದಳು: "ನೀವೂ ಕೆಸರಿಗೆ ಇಳೀತೀರಾ?"

"ನಾನೂ ಗದ್ದೆಯವರ ಮನೆ ಮಗಳೇ ಕಣಕ್ಕ."

ಬೆಳಿಗ್ಗೆ ನೋಡಿದರೆ ಊರಿಗೂರೇ ಬದುವಿನ ಮೇಲೆ ನಿಂತಿದೆ! ನಮ್ಮ ಲೈನ್‌ಮನ್ ಮಾತ್ರ ಕೈಕಟ್ಟಿಕೊಂಡು ಜೀಪಿಗೆ ಒರಗಿದ್ದರು. ಊರಿನವರ ಹೆಗಲೇರಿ ಕಂಬ ಗದ್ದೆ ದಾಟಿತು. ಊರಿನವರು ಅದರ ಬುಡದ ಹತ್ತಿರವೇ ಹಗ್ಗ ಬಿಗಿಯತೊಡಗಿದರು. ಅಷ್ಟೇ, ನಮ್ಮ ಲೈನ್‌ಮನ್‌ಗೆ ತಡೆಯಲಾಗಲಿಲ್ಲ.

"ಅಯ್ಯೋ ಹಂಗಲ್ಲ ಮಾರಾಯಾ! ತಲೆ ಮೇಲೆ ಬೀಳ್ತದೆ!" ಎಂದು ಓಡಿಬಂದವರು ಮತ್ತೆ ಜೀಪಿನ ಕಡೆ ತಿರುಗಲಿಲ್ಲ. ಹಗ್ಗ ಎಲ್ಲಿ, ಎಳೆಯುವವರು ಎಲ್ಲಿ, ಎಲ್ಲ ಅವರದೇ ಆಜ್ಞೆ. "ಮೇಡಂ, ಹಿಂದೆ ಸರೀರಿ!" ಎಂದು ನನಗೂ ಗದರಿದರು. ಅಷ್ಟು ಖುಷಿಯಿಂದ ನಾನು ಯಾರ ಗದರಿಕೆಯನ್ನೂ ಕೇಳಿಲ್ಲ. ಸರಿದು ನಿಂತೆ.

ಕಂಬ ಎದ್ದು ನಿಂತಾಗ ಅವರು ನನ್ನೆದುರು ಕೈಚಾಚಿದರು. "ಪ್ಲೇಯರ್ ಕೊಡಿ."

ಸಂಜೆಗೆ ಆ ಊರಿನ ಲೈನಿನ ಸ್ವಿಚ್ಚನ್ನು ಅವರ ಕೈಯಿಂದಲೇ ಹಾಕಿಸಿದೆ. ಮನೆಮನೆಯಲ್ಲೂ ಬೆಳಕು! ಹೋ ಎಂದು ಎದ್ದ ಕೂಗಿಗೆ ನನ್ನ ಕಣ್ಣು ತುಂಬಿತು. ಒಬ್ಬ ಹೆಂಗಸು ಬಿಸಿ ಅಕ್ಕಿರೊಟ್ಟಿ ತಂದು ಮೊದಲು ಅವರಿಗೇ ಕೊಟ್ಟಳು.

"ಬೈದೋಳು ನಾನೇ ಕಣಣ್ಣ. ತಿನ್ನು."

ಅವರು ರೊಟ್ಟಿ ಮುರಿದು, ಬಾಯಿ ತುಂಬಿಕೊಂಡೇ ಕೇಳಿದರು: "ನಾಳೆ ನಾಟಿಗೆ ಎಷ್ಟೊತ್ತಿಗೆ ಬರ್ಬೇಕಕ್ಕ?"