ಯಾರನ್ನು ಬಿಟ್ಟು ಹೊರಡಲಾರಿರಿ?

ಮೂವತ್ತನಾಲ್ಕು ವರ್ಷಗಳ ಸೇವೆಯ ಬಹುಭಾಗವನ್ನು ಗುಂಡಿನ ಸದ್ದು ಕೇಳಿಸುವ ಊರುಗಳಲ್ಲೇ ಕಳೆದ ರಾಜತಾಂತ್ರಿಕರು ನಮ್ಮಲ್ಲಿ ಹೆಚ್ಚಿಲ್ಲ. ಅಂಥವರಲ್ಲಿ ಒಬ್ಬರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಅವರು ಕುದುರಿಸಿದ ಒಪ್ಪಂದಗಳ ಬಗ್ಗೆ, ಮಾಡಿದ ಭಾಷಣಗಳ ಬಗ್ಗೆ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ನಾನು ಸ್ವದೇಶದಿಂದ ವರ್ಗವಾಗಿ ಹೋಗಿ ಮೂರು ವರ್ಷ ಅವರ ಕಾರು ಓಡಿಸಿದವನು. ಸ್ಟೇರಿಂಗ್ ಹಿಂದಿನಿಂದ ಕಂಡಷ್ಟನ್ನು ಮಾತ್ರ ಹೇಳಬಲ್ಲೆ.

ಅವರು ಆ ನಗರಕ್ಕೆ ಬಂದಾಗ ಯುದ್ಧಕ್ಕೆ ಎರಡು ವರ್ಷ ತುಂಬಿತ್ತು. ನದಿಯ ಈಚೆ ದಡ ಒಂದು ಪಕ್ಷದವರ ಕೈಯಲ್ಲಿದ್ದರೆ, ಆಚೆ ದಡ ಇನ್ನೊಂದು ಪಕ್ಷದವರ ಕೈಯಲ್ಲಿತ್ತು. ರಾಯಭಾರ ಕಚೇರಿಯ ಮೇಲಿನ ಮಹಡಿಯ ಕಿಟಕಿಗಳಲ್ಲಿ ಗಾಜಿನ ಬದಲು ಪ್ಲೈವುಡ್ ಹಲಗೆಗಳಿದ್ದವು. ಮೊದಲ ದಿನ ನಾನು ಕಾರಿನ ಹಿಂಬಾಗಿಲು ತೆರೆದು ನಿಂತರೆ, ಅವರು ತಾವೇ ಮುಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕುಳಿತರು.

"ಹಿಂದೆ ಕೂತರೆ ನನಗೆ ರಸ್ತೆ ಕಾಣಲ್ಲ. ನಡೀರಿ, ಸಾರಥಿಗಳೇ."

ಅಂದಿನಿಂದ ಕಚೇರಿಯಲ್ಲೆಲ್ಲ ನನಗೆ ಅದೇ ಹೆಸರು ಬಿತ್ತು.

ಚೆಕ್‌ಪೋಸ್ಟ್ ಬಂದರೆ ನೂರು ಹೆಜ್ಜೆ ಮೊದಲೇ ಕಾರು ನಿಲ್ಲಿಸಿ, ಅವರು ಇಳಿದು ನಡೆದುಕೊಂಡೇ ಹೋಗುತ್ತಿದ್ದರು. ಕಾರಿಗೆ ಹೆದರುವವನು ನಡೆದು ಬರುವ ಹೆಂಗಸಿಗೆ ಹೆದರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಯಾವ ಕಾವಲುಗಾರನಿಗೆ ಹಲ್ಲುನೋವು, ಯಾರ ತಂಗಿಯ ಮದುವೆ ಮುಂದಕ್ಕೆ ಹೋಗಿದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಎರಡೂ ದಡದವರು ಅವರನ್ನು ಒಂದೇ ರೀತಿ ಬೈಯುತ್ತಿದ್ದರು. ಕೆಲಸ ಸರಿಯಾಗಿ ನಡೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು ಎಂದು ಅವರು ನಗುತ್ತಿದ್ದರು.

ಅವರು ಬಂದ ಮೂರನೆಯ ವರ್ಷದ ಕೊನೆಗೆ ಯುದ್ಧ ಬಿರುಸಾದಾಗ, ನಗರದಲ್ಲಿ ಉಳಿದಿದ್ದ ನಮ್ಮ ದೇಶದವರನ್ನೆಲ್ಲ ಹೊರಗೆ ಕಳಿಸುವ ಹೊಣೆ ಅವರ ಮೇಲೆ ಬಿತ್ತು. ಅದಕ್ಕೊಂದು ಸರ್ಕಾರಿ ನಮೂನೆಯಿತ್ತು: ಹೆಸರು, ವಯಸ್ಸು, ವಿಳಾಸ, ಪಾಸ್‌ಪೋರ್ಟ್ ಸಂಖ್ಯೆ. ಮೇಡಂ ಸ್ಕೇಲಿಟ್ಟು ಗೆರೆ ಎಳೆದು ಇನ್ನೊಂದು ಕಾಲಂ ಸೇರಿಸಿದರು: ಯಾರನ್ನು ಬಿಟ್ಟು ಹೊರಡಲಾರಿರಿ? ಜನ ಬಸ್ಸಿನ ಹತ್ತಿರ ಬಂದಮೇಲೆ ಹಿಂದಕ್ಕೆ ಓಡುವುದು ಇದೊಂದೇ ಕಾರಣಕ್ಕೆ ಎಂದು ಅವರು ಹಿಂದಿನ ಊರುಗಳಲ್ಲಿ ಕಂಡಿದ್ದರಂತೆ.

ಮನೆಮನೆಗೆ ಹೋಗಿ ಅದನ್ನು ತುಂಬಿಸುವ ಕೆಲಸ ನನ್ನದು. ಒಬ್ಬ ಮುದಿ ದರ್ಜಿ ಆ ಕಾಲಮ್ಮಿನಲ್ಲಿ ಹೊಲಿಗೆ ಮಷೀನು ಎಂದು ಬರೆಸಿದ. ನಾನು ನಕ್ಕೆ, ಮೇಡಂ ನಗಲಿಲ್ಲ. "ತೊಡೆ ಮೇಲೆ ಇಟ್ಕೋಬೇಕು ಅಂತ ಹೇಳಿ" ಎಂದರು. ಒಬ್ಬ ನರ್ಸ್ 'ಯಾರೂ ಇಲ್ಲ' ಎಂದು ಬರೆದಿದ್ದಳು. ಆ ಹಾಳೆಯೊಂದಿಗೆ ಮೇಡಂ ನನ್ನನ್ನು ಎರಡು ಸಲ ವಾಪಸು ಕಳಿಸಿದರು.

"ಇಷ್ಟು ದಪ್ಪ ಅಕ್ಷರದಲ್ಲಿ ಯಾರೂ ಇಲ್ಲ ಅಂದರೆ ಯಾರೋ ಇದ್ದಾರೆ. ಇನ್ನೊಂದ್ಸಲ ಕೇಳ್ಕೊಂಡು ಬನ್ನಿ."

ಇದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿ ಜ್ವರದಲ್ಲಿ ವಾರ್ಡಿನಲ್ಲಿ ಮಲಗಿದ್ದಳು. ಹೇಳಿದರೆ ಇಬ್ಬರ ಸೀಟೂ ಹೋದೀತೆಂದು ಹೆದರಿ ಮುಚ್ಚಿಟ್ಟಿದ್ದಳಷ್ಟೆ. ಇಬ್ಬರ ಹೆಸರೂ ಪಟ್ಟಿಗೆ ಸೇರಿತು.

"ಒಟ್ಟು ಎಷ್ಟು ಜನ, ಸಾರಥಿಗಳೇ?"

"ನಲವತ್ತೊಂದು, ಮೇಡಂ. ನಿಮ್ಮನ್ನೂ ಸೇರಿಸಿ."

ಅವರು ಆ ಬಸ್ಸಿನಲ್ಲಿ ಬರಲೇಬೇಕಿತ್ತು. ಊರಿನಲ್ಲಿ ಮಗಳಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. ಅಳಿಯ ಹಡಗಿನ ಕೆಲಸದಲ್ಲಿದ್ದ. ಫೋನ್ ಸಿಕ್ಕಿದ ದಿನ ಮಗಳು ಕೂಗಾಡಿದ್ದು ಕಾರಿನಲ್ಲಿದ್ದ ನನಗೂ ಕೇಳಿಸಿತ್ತು: "ಊರವರನ್ನೆಲ್ಲ ಕಾಯ್ತೀಯಲ್ಲಮ್ಮ, ನಾನೇನು ಪರದೇಶಿನಾ?" ಹೊಸ ಅಧಿಕಾರಿ ಬರುವವರೆಗೆ ಕಚೇರಿಯನ್ನು ಅಲ್ಲಿಯವನೇ ಆದ ಗೇಟಿನ ಕಾವಲುಗಾರನಿಗೆ ಒಪ್ಪಿಸಿ ಬರಲು ಮೇಡಂ ಅಪ್ಪಣೆ ಪಡೆದಿದ್ದರು.

ಎರಡೂ ಪಕ್ಷದವರು ಒಂದು ಬಸ್ಸಿಗೆ, ನಲವತ್ತೊಂದು ಜನಕ್ಕೆ, ಒಂದು ಬೆಳಗಿನ ಮಟ್ಟಿಗೆ ದಾರಿ ಬಿಡಲು ಒಪ್ಪಿ ಪಟ್ಟಿಗೆ ಸಹಿ ಹಾಕಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಸೇತುವೆ ಮತ್ತೆ ಮುಚ್ಚುತ್ತಿತ್ತು. ನಾನು ಬಸ್ಸು ಓಡಿಸಿಕೊಂಡು ಸೇತುವೆ ತಲುಪಿದಾಗ ಹತ್ತೂವರೆ. ಅಲ್ಲಿನ ಅಧಿಕಾರಿ ಬಸ್ಸಿನೊಳಗೆ ಬಂದು ಎರಡು ಸಲ ತಲೆ ಎಣಿಸಿದ. ನಲವತ್ತೆರಡು ಎಂದ. ಎಲ್ಲರ ಕಣ್ಣೂ ದರ್ಜಿಯ ತೊಡೆಯ ಮೇಲೆ ಹೋಯಿತು.

"ಮಷೀನೂ ಲೆಕ್ಕಕ್ಕೆ ಬಂತೇನಪ್ಪ?" ಎಂದು ಅವನೇ ಕೇಳಿದ.

ಹೆಚ್ಚಾದವನು ನಾನು. ಗಾಡಿಯಲ್ಲಿ ಎಷ್ಟು ಜನ ಎಂದು ಕೇಳಿದರೆ ಯಾವ ಚಾಲಕನೂ ತನ್ನನ್ನು ಸೇರಿಸಿ ಹೇಳುವುದಿಲ್ಲ. ಇಪ್ಪತ್ತು ವರ್ಷದ ಅಭ್ಯಾಸಬಲ. ಎಲ್ಲರ ಮನೆ ಬಾಗಿಲಿಗೂ ಆ ಹಾಳೆ ಒಯ್ದವನು ನಾನೇ ಆದ್ದರಿಂದ, ನನ್ನ ಬಾಗಿಲಿಗೆ ಅದು ಬಂದಿರಲಿಲ್ಲ.

ಸಂಖ್ಯೆ ಹೆಚ್ಚಿಸಬೇಕಾದರೆ ಎರಡೂ ಕಡೆಯ ಸಹಿ ಮತ್ತೆ ಬೇಕು, ಹೆಸರು ಯಾರದ್ದಾದರೆ ನನಗೇನು ಎಂದ ಅಧಿಕಾರಿ. ಮೇಡಂ ಮುಕ್ಕಾಲು ಗಂಟೆ ಅವನೊಂದಿಗೆ ಮಾತಾಡಿದರು. ಅವನ ತಾಯಿಯ ಮಂಡಿನೋವನ್ನೂ ವಿಚಾರಿಸಿದರು. ಅವನು ಜಗ್ಗಲಿಲ್ಲ.

"ನಾನು ಇಳೀತೀನಿ ಮೇಡಂ" ಎಂದೆ.

"ಇಳಿದರೆ ಬಸ್ ಯಾರು ಓಡಿಸ್ತಾರೆ, ನಾನಾ? ನನಗೆ ರಿವರ್ಸ್ ಹಾಕೋಕೂ ಬರಲ್ಲ ಅಂತ ಊರಿಗೆಲ್ಲ ಸಾರಿದವರು ನೀವೇ ಅಲ್ವಾ?"

ಅವರು ಪಟ್ಟಿಯನ್ನು ಬಾನೆಟ್ ಮೇಲಿಟ್ಟು ಕೊನೆಯ ಸಾಲಿನಲ್ಲಿ ತಮ್ಮ ಹೆಸರು ಹೊಡೆದು, ಮೇಲೆ ನನ್ನ ಹೆಸರು ಬರೆದರು. ಆ ಸಾಲಿನ ಕೊನೆಯ ಕಾಲಂ ಆಗ ನನ್ನ ಕಣ್ಣಿಗೆ ಬಿತ್ತು. 'ಮಗಳು, ಮೊಮ್ಮಗು' ಎಂದಿತ್ತು. ಅದನ್ನೂ ಹೊಡೆದುಹಾಕಿ, ಪೆನ್ನಿಗೆ ಕ್ಯಾಪ್ ಹಾಕಿ, ಕೈಚೀಲ ತೆಗೆದುಕೊಂಡು ಅವರು ಬಂದ ದಾರಿಯಲ್ಲೇ ನಡೆದುಹೋದರು. ಕನ್ನಡಿಯಲ್ಲಿ ತಿರುವಿನವರೆಗೂ ಕಾಣುತ್ತಿದ್ದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮುಂದಿನ ಬಸ್ಸಿಗೆ ಅನುಮತಿ ಸಿಕ್ಕಿದ್ದು ಇಪ್ಪತ್ತಮೂರು ದಿನಗಳ ಮೇಲೆ. ಮೊಮ್ಮಗಳು ಆರನೆಯ ದಿನವೇ ಹುಟ್ಟಿದ್ದಳು. ಯಾಕೆ ಉಳಿದಿರಿ ಎಂಬ ಪ್ರಶ್ನೆಗೆ, ಇಲಾಖೆಯ ವರದಿಯಲ್ಲೂ ಮನೆಯಲ್ಲೂ, ಅವರು ಕೊಟ್ಟ ಉತ್ತರ ಒಂದೇ: ಕಚೇರಿಯ ಕೆಲಸ ಬಾಕಿಯಿತ್ತು. ಹೆರಿಗೆ ಕೋಣೆಗೆ ಒಬ್ಬಳೇ ಹೋಗಿದ್ದ ಮಗಳು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಆಗಲೂ ಮೇಡಂ ಬಾಯಿ ಬಿಡಲಿಲ್ಲ, ನನಗೂ ಬಿಡಗೊಡಲಿಲ್ಲ.

ಈ ಸಂಪುಟಕ್ಕೆ ಲೇಖನ ಕೇಳಿ ನನ್ನ ಮನೆಗೆ ಬಂದವರು ಆ ಮಗಳೇ. "ಅಮ್ಮನ ಜೊತೆ ಇದ್ದವರು ನೀವು. ಏನಾದರೂ ಬರೀರಿ, ಅಂಕಲ್" ಎಂದರು. ಜೊತೆಗೆ ಬಂದಿದ್ದ ಒಂಬತ್ತು ವರ್ಷದ ಹುಡುಗಿ ನಮ್ಮ ಮನೆಯ ಮೆಟ್ಟಿಲುಗಳನ್ನು ಎಣಿಸುತ್ತಿದ್ದಳು. ಮೇಡಂ ಬೈದರೂ ಸರಿ, ಅವರ ಮಗಳಿಗೆಂದೇ ಇಲ್ಲಿ ಬರೆಯುತ್ತೇನೆ: ತಾಯಿ, ಆ ಬಾಕಿ ಇದ್ದ ಕಚೇರಿಯ ಕೆಲಸ ನಾನೇ.

ಮೇಡಂ ನೂರು ಕಾಲ ಬಾಳಲಿ. ಅವರ ಕೈಯಲ್ಲಿ ಸ್ಕೇಲೂ ಪೆನ್ನೂ ಸದಾ ಇರಲಿ. ಇನ್ನಾದರೂ ಮಗಳು, ಮೊಮ್ಮಗಳ ಜೊತೆ ಎಲ್ಲಿಗಾದರೂ ಹೊರಡುವುದಾದರೆ ಗಾಡಿ ನಾನು ಓಡಿಸುತ್ತೇನೆ. ಎಷ್ಟು ಜನ ಎಂದು ಕೇಳಿದರೆ, ಈಗ ನನ್ನಿಂದಲೇ ಎಣಿಸಲು ಶುರುಮಾಡುತ್ತೇನೆ.